ಮಗಳ ಪ್ರೊಸೆಸರಿಗೆ ಬಸ್ಸಿನವರ ಸಲಹೆ

ಬಸ್ಸಿನಲ್ಲಿ ಒಂದು ಮಾತು ಬಾಯಿಂದ ಬಿದ್ದರೆ ಅದು ಯಾವ ಸ್ಟಾಪಿನಲ್ಲಿ ಇಳಿಯುತ್ತದೆ ಎಂದು ಹೇಳಲಾಗುವುದಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್. ಮನೆ ದಾಂಡೇಲಿ. ಡ್ಯೂಟಿ ಒಂದು ವಾರ ಹಳಿಯಾಳದ ಕಡೆ, ಒಂದು ವಾರ ಜೋಯಿಡಾದ ಕಡೆ, ಮತ್ತೊಂದು ವಾರ ಮುಂಡಗೋಡದ ಕಡೆ. ನಗುವಂಥ ಸಂಗತಿ ದಿನಕ್ಕೊಂದಾದರೂ ಹತ್ತಿ ಇಳಿಯುತ್ತದೆ. ಆದರೆ ನನ್ನ ಮಗಳು ಗೇಮಿಂಗ್ ಕಂಪ್ಯೂಟರನ್ನು ತಾನೇ ಮನೆಯಲ್ಲಿ ಕಟ್ಟುತ್ತೇನೆಂದು ಹೊರಟ ಆ ಎರಡು ತಿಂಗಳಲ್ಲಿ ನಡೆದಷ್ಟು ಬೇರೆ ಯಾವಾಗಲೂ ನಡೆದಿಲ್ಲ.

ಮಗಳು ಡಿಪ್ಲೊಮಾ ಮುಗಿಸಿ ಹಳಿಯಾಳದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಾಳೆ. ದಿನಾ ನಮ್ಮ ಬಸ್ಸುಗಳಲ್ಲೇ ಓಡಾಟ. ಒಂದು ಸಂಜೆ ರೊಟ್ಟಿ ಮುರಿಯುತ್ತಾ, "ಅಪ್ಪಾ, ನನ್ನ ಪಗಾರದಾಗ ನಾನ ಒಂದು ಕಂಪ್ಯೂಟರ್ ಕಟ್ಟಾಕಿ. ಬ್ಯಾರೆ ಭಾಳಷ್ಟು ನಕ್ಕಿ ಆಗೇತಿ. ದೊಡ್ಡದಂದ್ರ ಪ್ರೊಸೆಸರ್ ಉಳದೈತಿ," ಅಂದಳು.

"ಪ್ರೊಸೆಸರ್ ಅಂದ್ರೇನವಾ?"

"ಕಂಪ್ಯೂಟರಿನ ಮಿದುಳು. ಅದರಾಗ ಕೆಲಸಾ ಮಾಡೂ ಕೈ ಇದ್ದಂಗ ಕೋರ್ ಅಂತ ಇರ್ತಾವು, ಎಂಟರದು ತಗೋಬೇಕೋ ಹನ್ನೆರಡರದೋ ತಿಳಿವಲ್ದು. ಅದನ್ನ ತಪ್ಪು ಆರಿಸಿದ್ರ ಉಳದದ್ದೆಲ್ಲಾ ಇದ್ದೂ ಇಲ್ಲದಂಗ."

ಇಷ್ಟು ದೊಡ್ಡ ವಿಷಯವನ್ನು ಮಗಳು ನನ್ನ ಮುಂದೆ ಇಟ್ಟಳಲ್ಲ ಎಂದು ನನಗೆ ಹೆಮ್ಮೆ. ಅಪ್ಪ ಅಂದಮೇಲೆ ಏನಾದರೂ ಸಲಹೆ ಕೊಡಲೇಬೇಕು. ಏನು ಸಲಹೆ ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಎಂಟೋ, ಹನ್ನೆರಡೋ

ಮರುದಿನ ದಾಂಡೇಲಿ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ಹೊರಟಿರಲಿಲ್ಲ. ನಮ್ಮ ಡ್ರೈವರ್ ನನಗೆ ಹಳೆಯ ಜೊತೆಗಾರ. ಬಾಗಿಲಲ್ಲಿ ನಿಂತೇ ಅವನಿಗೆ ಕೇಳಿದೆ:

"ಎಂಟು ಕೋರ್ ಸಾಕೋ, ಹನ್ನೆರಡು ಬೇಕೋ ಅಂತ ಮಗಳು ತಲಿ ಕೆಡಿಸ್ಕೊಂಡು ಕುಂತಾಳ. ನೀ ಏನಂತಿ?"

"ಹೆಚ್ಚಿದ್ರ ಕೆಟ್ಟೇನು? ಹನ್ನೆರಡ ತಗೊಳ್ಳಾಕ ಹೇಳು," ಅಂದ ಡ್ರೈವರ್.

ಮುಂದಿನ ಸೀಟಿನಲ್ಲಿ ಪೇಪರ್ ಮಿಲ್ಲಿನ ಒಬ್ಬ ಫಿಟರ್ ಕೂತಿದ್ದ. "ಅದೇನೋ ನನಗ ಗೊತ್ತಿಲ್ಲರಿ," ಅಂದ ಅವನು. "ಒಂದು ಬೋಲ್ಟ್ ಬಿಚ್ಚಾಕ ಹನ್ನೆರಡು ಮಂದಿ ನಿಂತ್ರ, ಹನ್ನೊಂದು ಮಂದಿ ಚಹಾ ಕುಡೀತಾರ."

ಇದನ್ನೆಲ್ಲ ಹಿಂದಿನಿಂದ ಕೇಳುತ್ತಿದ್ದ ಧೋತರದ ಅಜ್ಜ ಒಬ್ಬ, ತೊಡೆಯ ಮೇಲಿದ್ದ ಕಾಗದದ ಚೀಲ ಗಟ್ಟಿಯಾಗಿ ಹಿಡಿದುಕೊಂಡು ಎದ್ದು ಬಂದ. ಹೊಲದ ತಂಟೆಗೆ ಹಳಿಯಾಳದ ಕೋರ್ಟಿಗೆ ಹೊರಟವನು.

"ಕಂಡಕ್ಟರ್ ಸಾಹೇಬ್ರ, ಒಂದು ಕೋರ್ಟಿಗೆ ಅಡ್ಡಾಡಿ ನನ್ನ ಮೂರು ಜೋಡು ಚಪ್ಪಲಿ ಸವದಾವು. ನೀವು ಎಂಟೋ ಹನ್ನೆರಡೋ ಅಂತ ಆರಿಸ್ಕೋತ ನಿಂತೀರಲ್ಲಾ! ಅಳಿಯಾನ ಕಾಲು ಹಿಡದ್ರೂ ಚಿಂತಿಲ್ಲ, ಮಗಳದು ರಾಜಿ ಮಾಡಿ ಮುಗಿಸ್ರಿ."

"ಅಜ್ಜಾರ, ಅಳಿಯ ಎಲ್ಲಿಂದ ಬಂದ? ಆಕಿದು ಇನ್ನಾ ಮದುವೀನ ಆಗಿಲ್ಲ."

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮದುವಿಗಿಂತ ಮೊದಲ ಹನ್ನೆರಡು ಕೋರ್ಟೇನ್ರಿ?" ಎಂದವನು, ನನ್ನಿಂದ ದೂರ, ಕಟ್ಟಕಡೆಯ ಸೀಟಿಗೆ ಹೋಗಿ ಕೂತ.

ಕ್ಯಾಶ್

ಮುಂಡಗೋಡದ ಒಂಬತ್ತರ ಬಸ್ಸಿಗೆ ಒಬ್ಬರು ವಿಜ್ಞಾನದ ಟೀಚರ್ ದಿನಾ ಹತ್ತುತ್ತಾರೆ. ಸಿದ್ದಿ ಸಮಾಜದವರು, ಅವರ ಹಳ್ಳಿಯಲ್ಲಿ ಮೊದಲು ಡಿಗ್ರಿ ಮಾಡಿದವರು. ಸೀಟು ಸಿಕ್ಕರೆ ಉತ್ತರಪತ್ರಿಕೆ ತಿದ್ದುತ್ತಾರೆ, ಸಿಗದಿದ್ದರೆ ನಿಂತೇ ತಿದ್ದುತ್ತಾರೆ. ಅವರ ಮುಂದೆ ನನ್ನ ಪ್ರಶ್ನೆ ಇಟ್ಟೆ.

"ಆಟಾ ಆಡಾಕಂದ್ರ ಎಂಟು ಕೋರ್ ಧಾರಾಳ ಆತ್ರಿ. ಕ್ಯಾಶ್ ಎಷ್ಟೈತಿ ನೋಡ್ರಿ. ಅದು ಜಾಸ್ತಿ ಇರಬೇಕು," ಅಂದರು.

ನಾನು ಹೆಗಲಿನ ಚರ್ಮದ ಚೀಲ ತಟ್ಟಿ ತೋರಿಸಿದೆ. "ಅಕ್ಕಾರ, ಕ್ಯಾಶ್ ಐತ್ರಿ, ಆದ್ರ ಎಲ್ಲಾ ಸರ್ಕಾರದ್ದು."

ಅವರು ಕೆಂಪು ಪೆನ್ನು ಪಕ್ಕಕ್ಕಿಟ್ಟು ನಕ್ಕರು. ಆಮೇಲೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ಇದು ಆ ಕ್ಯಾಶ್ ಅಲ್ರಿ. ನಿಮ್ಮ ಕಿವಿ ಮ್ಯಾಲೆ ಒಂದು ಪೆನ್ನು ಐತಿ ಹೌದಲ್ಲ? ಬೇಕಂದ ಕೂಡ್ಲೆ ಸಿಗ್ತೈತಿ. ಅದು ಕ್ಯಾಶ್. ಪ್ರತಿ ಸಲಾನೂ ಪೆನ್ನು ತರಾಕ ಡಿಪೋಕ್ಕ ಹೋಗಿ ಬಂದ್ರ ಬಸ್ಸಿನ ಗತಿ ಏನು? ಆಟದಾಗೂ ಹಂಗ. ಮ್ಯಾಲಿಂದ ಮ್ಯಾಲೆ ಬೇಕಾಗೂದು ಕೈಗೆ ಹತ್ತರ ಇರಬೇಕು."

ಇಷ್ಟು ವರ್ಷ ಕಿವಿಯ ಮೇಲೆ ಏನು ಹೊತ್ತು ತಿರುಗುತ್ತಿದ್ದೇನೆಂದು ಅವತ್ತೇ ನನಗೆ ಗೊತ್ತಾದದ್ದು.

ಮನೆಗೆ ಬಂದವನೇ, ಶರ್ಟ್ ಕಳಚುತ್ತಾ, ಏನೂ ಅಲ್ಲ ಎನ್ನುವ ಹಾಗೆ ಹೇಳಿದೆ: "ಎಂಟು ಕೋರ್ ತಗೋ. ಆದ್ರ ಕ್ಯಾಶ್ ದೊಡ್ಡದಿರಬೇಕು ನೋಡು."

ಮಗಳು ಹಿಡಿದ ಮೊಬೈಲು ಕೆಳಗಿಟ್ಟಳು. "ಅಪ್ಪಾ! ನಾನೂ ಅದ ಅಂದ್ಕೊಂಡಿದ್ನಿ! ನಿನಗ ಹೆಂಗ ಗೊತ್ತಾತು?"

"ಅನುಭವ," ಅಂದೆ.

"ಹಂಗಾರ ಮೆಮೊರಿ ಎಷ್ಟು ಸ್ಪೀಡಿಂದು ಹಾಕಲಿ?"

ಕೈಕಾಲು ತೊಳೆಯಲು ಎದ್ದು ನಿಂತೆ. "ಅದನ್ನ ನಾಳೆ ಒಂಬತ್ತರ ಬಸ್ಸು ಹೋಗಿ ಬಂದಮ್ಯಾಲೆ ಹೇಳ್ತೇನಿ."

ಕೂಲರ್

ನನ್ನ ಹೆಂಡತಿಗೆ ಈ ಕಂಪ್ಯೂಟರಿನ ಮೇಲೆ ಮೊದಲಿಂದಲೂ ಅನುಮಾನ. ಇಪ್ಪತ್ತೆರಡರ ಹುಡುಗಿ ಆಟದ ಸಾಮಾನು ಕೊಳ್ಳುತ್ತಾಳೆಂದರೆ ಹೆಣ್ಣು ನೋಡಲು ಬಂದವರು ಏನಂದಾರು ಎಂಬ ಚಿಂತೆ. ಅದರ ಮೇಲೆ ಮಗಳು ಒಂದು ದಿನ, "ಈ ಪ್ರೊಸೆಸರ್ ಜೋಡಿ ಕೂಲರ್ ಬರೂದಿಲ್ಲ, ಬ್ಯಾರೆ ತರಬೇಕು," ಅಂದುಬಿಟ್ಟಳು.

ಒಲೆಯ ಮುಂದೆ ಬೆವರುತ್ತಿದ್ದ ಹೆಂಡತಿ ಅಲ್ಲಿಂದಲೇ ಕೂಗಿದಳು: "ನಾಕು ವರ್ಷಾತು, ಅಡಗಿ ಮನಿಗೆ ಒಂದು ಫ್ಯಾನ್ ಹಾಕಸ್ರಿ ಅನ್ನಾಕತ್ತೇನಿ. ಆ ಬಿಸ್ಕೀಟಿನಷ್ಟು ಡಬ್ಬಿಗೆ ಕೂಲರ್ ಬೇಕಂತ!"

ಕೂಲರ್ ಬಂತು. ಅದರ ಹಿಂದಿನ ದಿನವೇ ಅಡುಗೆಮನೆಗೆ ಫ್ಯಾನೂ ಬಂತು. ಅದನ್ನು ತಂದವಳು ಮಗಳು. ಹೆಂಡತಿ ಅದರ ಕೆಳಗೆ ನಿಂತು ಸ್ವಲ್ಪ ಹೊತ್ತು ಗಾಳಿ ತೆಗೆದುಕೊಂಡು, "ಇನ್ನಾ ಏನೇನು ತರೂದೈತಿ ಆ ಕಂಪ್ಯೂಟರಿಗೆ? ಲಗೂನ ತಂದು ಮುಗಸು," ಅಂದಳು.

ಅಂಗಡಿಯಲ್ಲಿ

ರಜೆಯ ದಿನ ನೋಡಿ ಅಪ್ಪ ಮಗಳು ಹುಬ್ಬಳ್ಳಿಗೆ ಹೋದೆವು. ಅಂಗಡಿಯವನು ಒಳ್ಳೆಯ ಮನುಷ್ಯನೇ, ಆದರೆ ಅವನ ಕಣ್ಣಿಗೆ ನಾನೊಬ್ಬನೇ ಕಾಣುತ್ತಿದ್ದೆ. ಮಗಳು ಕೇಳುತ್ತಾಳೆ, ಉತ್ತರ ನನಗೆ ಬರುತ್ತದೆ.

"ಸರ್, ಇದು ನೋಡ್ರಿ, ಹನ್ನೆರಡು ಕೋರ್. ಇದರ ಜೋಡಿ ಈ ಬೋರ್ಡ್ ತಗೊಂಡ್ರ ರಿಯಾಯಿತಿ ಮಾಡಿ ಕೊಡ್ತೇನಿ. ಸರ್, ಇದಕ್ಕಿಂತ ಛಲೋದು ನಿಮಗ ಸಿಗೂದಿಲ್ಲ."

ಆ ಹುಡುಗಿಯ ಒಂದೂವರೆ ವರ್ಷದ ಉಳಿತಾಯ ಅವಳ ಕೈಚೀಲದಲ್ಲಿತ್ತು. ಪೆಟ್ಟಿಗೆಯ ಸೀಲು ಒಡೆದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು.

ಮಗಳು ಬೋರ್ಡಿನ ಪೆಟ್ಟಿಗೆ ತಿರುಗಿಸಿ ನೋಡಿ, ಮೆಲ್ಲಗೆ ಅಂದಳು: "ಅಣ್ಣಾ, ಇದು ಹಳೇ ಸಾಕೆಟ್ಟಿನ ಬೋರ್ಡು. ಆ ಪ್ರೊಸೆಸರ್ ಇದರಾಗ ಕೂಡೂದ ಇಲ್ಲ."

ಅಂಗಡಿಯವನು ಪೆಟ್ಟಿಗೆ ಇಸಿದುಕೊಂಡ. ಕನ್ನಡಕ ಹಾಕಿದ, ತೆಗೆದ, ಮತ್ತೆ ಹಾಕಿದ. "ಹೌದಲ್ಲಾ! ನಮ್ಮವರು ಕಪಾಟಿನಾಗ ಅದಲು ಬದಲು ಇಟ್ಟಾರ," ಅಂದು ಬೆವರು ಒರೆಸಿಕೊಂಡ.

ಆಮೇಲೆ ಅವಳು ಕೇಳುತ್ತಾ ಹೋದಳು. ಕ್ಯಾಶ್ ಎಷ್ಟು, ಎಷ್ಟು ವ್ಯಾಟು, ಮುಂದಿನ ವರ್ಷ ಹೊಸದು ಬಂದರೆ ಇದೇ ಬೋರ್ಡಿನಲ್ಲಿ ಕೂಡುತ್ತದೋ ಇಲ್ಲವೋ. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು ತಮ್ಮ ತಮ್ಮ ಪೆಟ್ಟಿಗೆ ಹಿಡಿದು ಅವಳ ಹತ್ತಿರ ಬಂದರು. "ಅಕ್ಕಾ, ಇದೊಂದು ನೋಡ್ರಿ. ಇದು ಅದಕ್ಕ ಕೂಡ್ತೈತೇನ್ರಿ?" ನಾನು ಸ್ಟೂಲಿನ ಮೇಲೆ ಕೂತು ಎಲ್ಲರ ಮುಖ ನೋಡುತ್ತಿದ್ದೆ. ಅಷ್ಟು ದೊಡ್ಡ ಹುಬ್ಬಳ್ಳಿ, ಕೇಳುವುದು ನನ್ನ ಮಗಳನ್ನು!

ಕೊನೆಗೂ ಅಂಗಡಿಯವನಿಗೆ ಚಟ ಬಿಡಲಿಲ್ಲ. "ಹಂಗಾರ ಸರ್, ನೀವು ಯಾವುದು ನಕ್ಕಿ ಮಾಡಿದ್ರಿ?" ಅಂತ ನನಗೇ ಕೇಳಿದ.

"ನನಗೇನ್ ಕೇಳ್ತೀರಿ? ನಾ ಬರೇ ಕಂಡಕ್ಟರ್," ಅಂದೆ. "ಗಾಡಿ ಹೊಡಿಯಾಕಿ ಆಕಿ."

ಪಕ್ಕದ ಸೀಟಿನ ಡಬ್ಬಿ

ವಾಪಸು ಬರುವಾಗ ಬಸ್ಸು ತುಂಬಿತ್ತು. ಉಳಿದ ಸಾಮಾನೆಲ್ಲ ಮೇಲೆ ಹೋಯಿತು. ಎಂಟು ಕೋರಿನ ಪ್ರೊಸೆಸರಿನ ಪುಟ್ಟ ಡಬ್ಬಿಯನ್ನು ಮಾತ್ರ ಮಗಳು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಳಿಯಾಳ ದಾಟುವಷ್ಟರಲ್ಲಿ ಅವಳಿಗೆ ಜೋಂಪು. ಡಬ್ಬಿ ಜಾರಿ ನಮ್ಮಿಬ್ಬರ ನಡುವೆ ಸೀಟಿಗೆ ಬಿತ್ತು. ಅದೇ ಹೊತ್ತಿಗೆ ಜೋಯಿಡಾ ಕಡೆಯ ದಪ್ಪನೆಯ ಹೆಂಗಸೊಬ್ಬರು, "ಥೋಡೆ ಸರಕೋರಿ, ಒಂದೀಟು ಸರೀರಿ," ಎನ್ನುತ್ತಾ ಅಲ್ಲೇ ಕೂರಲು ಬಂದರು. ಕೊಂಕಣಿ, ಮರಾಠಿ, ಕನ್ನಡ ಎಲ್ಲವೂ ಅವರ ಬಾಯಲ್ಲಿ ಒಟ್ಟಿಗೆ ಬರುತ್ತಿದ್ದವು.

ನನಗೆ ಡಬ್ಬಿಯಲ್ಲಿದ್ದ ಸಾಮಾನಿನ ಹೆಸರು ನೆನಪಾಗಲಿಲ್ಲ. ನೆನಪಾದದ್ದನ್ನೇ ಚೀರಿದೆ:

"ಬಾಯಾರ, ಕೂಡಬ್ಯಾಡ್ರಿ! ಅಲ್ಲಿ ಮಿದುಳು ಐತಿ!"

ಅರ್ಧ ಕೂತಿದ್ದ ಅವರು ಅಲ್ಲೇ ನಿಂತುಬಿಟ್ಟರು. ಹಿಂದಿನ ಸೀಟಿನವರು ಎದ್ದು ಬಗ್ಗಿ ನೋಡಿದರು.

"ಅಗ್ಗೋ ಬಾಯೀ! ಯಾರದ್ರೀ?"

"ನನ್ನ ಮಗಳದ್ರಿ," ಅಂದೆ.

ಹೆಂಗಸು ಡಬ್ಬಿ ನೋಡಿದರು. ತಲೆ ವಾಲಿಸಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ಮಗಳನ್ನು ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಮೆತ್ತಗೆ ಕೇಳಿದರು: "ಹುಬ್ಬಳ್ಳಿ ಡಾಕ್ಟರ್ ವಾಪಸ್ ಹಾಕಾಕ ಬರೂದಿಲ್ಲ ಅಂದ್ರೇನು?"

"ಆಕೀನ ಹಾಕ್ತಾಳ್ರಿ. ಮನಿಗೆ ಹೋಗಿ," ಅಂದೆ.

ಮೊದಲ ಆಟ

ಭಾನುವಾರ ಕಂಪ್ಯೂಟರ್ ಕಟ್ಟುವ ಕೆಲಸ. ಇಡೀ ಓಣಿ ನಮ್ಮ ಮನೆಯಲ್ಲಿತ್ತು. ಡ್ರೈವರ್ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದಿದ್ದ. ಮಗಳು ನೆಲದ ಮೇಲೆ ಕೂತು, ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು, ಮೂಲೆಯ ಗುರುತು ನೋಡಿ, ಸಾಕೆಟ್ಟಿನಲ್ಲಿ ಇಟ್ಟಳು. ಒತ್ತಲಿಲ್ಲ, ಅದಾಗೇ ಕೂತಿತು. ಹೆಂಡತಿ ಕೈ ಮುಗಿದಳು.

ನಾಲ್ಕು ತಾಸಾದ ಮೇಲೆ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಆಮೇಲೆ ಅಕ್ಷರ ಮೂಡಿದವು, ಪ್ರೊಸೆಸರಿನ ಹೆಸರು ಸಮೇತ. ಓಣಿಯವರು ಚಪ್ಪಾಳೆ ಹೊಡೆದರು. ಮಗಳು ನನ್ನ ಕಡೆ ನೋಡಿ ನಕ್ಕಳು. ನಾನು ಕಿಟಕಿಯ ಹೊರಗೆ ಏನೋ ಇದೆ ಎನ್ನುವ ಹಾಗೆ ಆ ಕಡೆ ತಿರುಗಿಕೊಂಡೆ. ಕಣ್ಣು ಒರೆಸಿಕೊಳ್ಳಲು ಅಷ್ಟು ಸಮಯ ಬೇಕಿತ್ತು.

"ಮೊದಲ ಆಟ ಕಾಕಾನ ಆಡಬೇಕು," ಎಂದು ಮಗಳು ಡ್ರೈವರನನ್ನು ಕುರ್ಚಿಯಲ್ಲಿ ಕೂರಿಸಿದಳು. ಬಸ್ಸು ಓಡಿಸುವ ಆಟ ಅದು. ಗುಡ್ಡ, ಕಾಡು, ರಸ್ತೆ ಎಲ್ಲವೂ ಕಣ್ಣಿಗೆ ಕಟ್ಟುವ ಹಾಗೆ. ಪರದೆಯ ಮೂಲೆಯಲ್ಲಿ ಏನೋ ಅಂಕಿ ಓಡುತ್ತಿದ್ದವು. "ನೋಡಪ್ಪಾ, ಒಂದೀಟೂ ತಡೀವಲ್ಲದು! ಆರಿಸಿದ್ದು ಬರೋಬ್ಬರಿ ಆತು!" ಎಂದು ಮಗಳು ಕುಣಿದಳು. ಡ್ರೈವರ್ ಗಂಭೀರವಾಗಿ ಎರಡು ತಿರುವು ದಾಟಿ, ಮೊದಲ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ. ಆಟದ ಮಂದಿ ಹತ್ತಿದರು. ಬಾಗಿಲು ಮುಚ್ಚಿತು.

ಬಸ್ಸು ಹೊರಡಲಿಲ್ಲ.

ಒಂದು ನಿಮಿಷ ಆಯಿತು. ಎರಡಾಯಿತು. ಪರದೆಯಲ್ಲಿ ಬಸ್ಸು ಹಾಗೇ ನಿಂತಿತ್ತು. ಓಣಿಯವರು ಗುಸುಗುಸು ಶುರು ಮಾಡಿದರು. ಒಬ್ಬರು, "ಹೊಸಾದು, ಆಗ್ಲೇ ಕೆಟ್ಟಿತಲ್ಲ," ಅಂದೇಬಿಟ್ಟರು. ಮಗಳ ಮುಖ ಸಪ್ಪಗಾಯಿತು. ಬಗ್ಗಿ ವಯರು ನೋಡಿದಳು, ಫ್ಯಾನು ನೋಡಿದಳು. "ಅಪ್ಪಾ, ಹ್ಯಾಂಗ್ ಆತು! ಪ್ರೊಸೆಸರ್ ಬಿಸಿ ಆತೋ ಏನೋ... ಎಲ್ಲಾ ಸರಿ ಹಾಕಿದ್ನಲ್ಲಾ!" ನಾನು ಡ್ರೈವರನ ಮುಖ ನೋಡಿದೆ.

ಅವನು ಎರಡೂ ಕೈ ಕೀಬೋರ್ಡಿನ ಮೇಲಿಟ್ಟು, ಕಣ್ಣು ರಸ್ತೆಯ ಮೇಲೇ ಇಟ್ಟು, ನೆಟ್ಟಗೆ ಕೂತಿದ್ದ.

"ಹ್ಯಾಂಗೂ ಆಗಿಲ್ಲ, ಏನೂ ಆಗಿಲ್ಲವಾ," ಅಂದ. "ನಿಮ್ಮಪ್ಪ ಇನ್ನಾ ರೈಟ್ ಅಂದಿಲ್ಲ."