ದೊಡ್ಡಮ್ಮನ ಮನೆಯ ಯೆಟ್ಟಿ

ನನ್ನ ದೊಡ್ಡಮ್ಮನ ಬಾಯಿಗೆ ಹೆದರಿ ಕಾಪುವಿನ ಕಾಗೆಗಳು ಪಕ್ಕದ ಮನೆಯ ಕಂಪೌಂಡಿನಲ್ಲಿ ಕೂಗುತ್ತವೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಗಂಡನ ಮನೆ ಬಿಟ್ಟು ಬಂದು ವರ್ಷದಿಂದ ಆ ಬಾಯಿಯ ಜೊತೆಗಿರುವವಳು ನಾನು. ದಿನವಿಡೀ ಬೈಯುತ್ತಾಳೆ. ಆದರೆ ಯಾಕೆ ಬಂದೆ ಎಂದು ಮಾತ್ರ ಕೇಳಿಲ್ಲ.

ಸಾಲದ್ದಕ್ಕೆ ಈಗೊಂದು ಸಾಕುಪ್ರಾಣಿ ತಂದಿದ್ದಾಳೆ. ನಾಯಿಯೇ? ಬೆಕ್ಕೇ? ಇಲ್ಲ, ಕಡಲ ಬಂಡೆಯ ಸಂದಿಯಲ್ಲಿರುವ ಕರೀ ಮುಳ್ಳಿನ ಉಂಡೆ! ಸೀ ಅರ್ಚಿನ್ ಅಂತೆ. ಅದು ಗಾಜಿನ ತೊಟ್ಟಿಯಲ್ಲಿ ಸುಮ್ಮನೆ ಕೂತಿರುತ್ತದೆ. ಕಡಲ ನೀರು ಹೊರುವವಳು ನಾನು.

"ನಲ್ಲಿ ನೀರಿಗೆ ಉಪ್ಪು ಹಾಕಿದರೆ ಸಾಲದಾ ದೊಡ್ಡಮ್ಮ?"

"ನಿನ್ನ ಚಹಾಕ್ಕೆ ಹಾಕ್ತೇನೆ, ಕುಡಿದು ನೋಡು."

ಸೊಂಟ ಹಿಡಿದುಕೊಂಡು ಮತ್ತೆ ಕೊಡ ಎತ್ತಿದೆ.

ಒಂದು ದಿನ ಆ ಮುಳ್ಳುಗಳ ನಡುವೆ ಒಂದು ಮುಳ್ಳು ನಡೆದಾಡಿತು! ಕನ್ನಡಕ ಹಾಕಿ ನೋಡಿದರೆ, ಕಡುನೇರಳೆ ಮೈಗೆ ಬಿಳಿ ಗೀರಿನ ಪುಟ್ಟ ಸಿಗಡಿ. ದೊಡ್ಡಮ್ಮ ಸಂಭ್ರಮ ತಡೆಯಲಾರದೆ ಬೆಳ್ಮಣ್ಣಿನ ತಮ್ಮನಿಗೆ ಫೋನ್ ಮಾಡಿ, "ಮನೆಯಲ್ಲಿ ಯೆಟ್ಟಿ ಉಂಟು, ಎಲ್ಲರೂ ಬನ್ನಿ" ಎಂದುಬಿಟ್ಟಳು.

ತುಳುವಿನಲ್ಲಿ ಸಿಗಡಿಗೆ ಯೆಟ್ಟಿ ಎನ್ನುತ್ತೇವೆ. ಯೆಟ್ಟಿ ಎಂದರೆ ಕಾಯಿತುರಿಯ ಒಣ ಸುಕ್ಕ, ಇಲ್ಲವೆ ಗಟ್ಟಿ ಸಾರಿನಂಥ ಗಸಿ. ಮೂರನೆಯ ಅರ್ಥ ನಮ್ಮವರಿಗೆ ತಿಳಿಯದು. ಭಾನುವಾರ ಬೆಳ್ಮಣ್ಣಿನ ಮಾವ, ಅವರ ಹೆಂಡತಿ, ಕಾರ್ಕಳದ ಚಿಕ್ಕಮ್ಮ ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದಿಳಿದರು.

"ಎಂತ ಅಕ್ಕ, ಸುಕ್ಕವಾ ಗಸಿಯಾ?" ಮಾವ ಕೈ ತೊಳೆದುಕೊಂಡೇ ಕೇಳಿದರು.

ದೊಡ್ಡಮ್ಮ ತೊಟ್ಟಿ ತೋರಿಸಿದಳು.

"ಇಷ್ಟು ಜನಕ್ಕೆ ಒಂದೇ ಯೆಟ್ಟಿಯಾ!"

ಊಟಕ್ಕೆ ಗಂಜಿ, ಉಪ್ಪಿನಕಾಯಿ. ಹಸಿದ ನೆಂಟರಿಗೆ ಅಗಿಯಲು ಏನಾದರೂ ಬೇಕಲ್ಲ? ನಾನು ಸಿಕ್ಕಿದೆ. "ಇವಳು ಎಷ್ಟು ದಿನ ಅಂತ ಇಲ್ಲಿ? ನಾಳೆ ನಾನೇ ಗಂಡನ ಮನೆಗೆ ಬಿಟ್ಟು ಬರ್ತೇನೆ" ಎಂದರು ಮಾವ. ಊರವರ ಇದೇ ಪ್ರಶ್ನೆಗೆ ವರ್ಷವಿಡೀ ಉತ್ತರ ಕೊಟ್ಟು ದಣಿದಿದ್ದೆ. ಹೋಗಿಬಿಡೋಣ ಎಂದೇ ಅನ್ನಿಸಿತು.

ಅಷ್ಟು ಹೇಳಿ ಮಾವ ತೊಟ್ಟಿಯ ಕಡೆ ತಿರುಗಿದರು. "ಈ ಯೆಟ್ಟಿಗೆ ಮುಳ್ಳಿನೊಳಗೆ ಎಂತ ಕೆಲಸ? ಹೊರಗೆ ತೆಗೀತೇನೆ" ಎಂದು ನೀರಿಗೆ ಕೈ ಹಾಕಿದರು. "ಅಯ್ಯೋ!" ಎಂದು ಅಷ್ಟೇ ಬೇಗ ತೆಗೆದರು.

"ಅದಕ್ಕೆ ಬರ್ಬೇಕು ಅಂತ ಕಂಡ ದಿನ ಬರ್ತದೆ. ಅಲ್ಲಿವರೆಗೆ ಕೈ ಹಾಕಿದವರಿಗೆ ಮುಳ್ಳು ಉಂಟು" ಎಂದಳು ದೊಡ್ಡಮ್ಮ. ಅವಳು ತೊಟ್ಟಿಯನ್ನು ನೋಡುತ್ತಿರಲಿಲ್ಲ, ತಮ್ಮನನ್ನೇ ನೋಡುತ್ತಿದ್ದಳು. ನಾನು ತಟ್ಟೆಯ ಮೇಲೆ ಬಗ್ಗಿ ಕಣ್ಣೀರು ಹಾಕಿದೆ.

ಸಂಜೆ ಕೊಡ ಹಿಡಿದು ಕಡಲಿಗೆ ಹೊರಟಾಗ ದೊಡ್ಡಮ್ಮ ಬೈಯುತ್ತ ಹಿಂದೆಯೇ ಬಂದಳು.

"ಅರ್ಧ ತುಂಬಿಸು ಸಾಕು, ಉಳಿದದ್ದು ನಾನು ಹೊರ್ತೇನೆ. ಸೊಂಟ ಹಾಳು ಮಾಡ್ಕೊಳ್ಬೇಡ ಮಾರಾಯ್ತಿ, ನಿನಗೆ ಇಲ್ಲೇ ಇರ್ಲಿಕ್ಕೆ ಉಂಟಲ್ವಾ?"