ಒಗೆದು ಒಣಗಿಸಿದ ಐದನೇ ಕಾದಂಬರಿ

ಭಯ ಎನ್ನುವ ಪದಾರ್ಥ ನನ್ನ ಮೈಯಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗದು ಎಂದು ಸೋಮವಾರ ಬೆಳಗ್ಗೆ ನಾನು ಘೋಷಿಸಿದೆ. ಆಗ ಒಂದು ಕೈಯಲ್ಲಿ ಬಾಚಣಿಗೆ ಇತ್ತು, ಇನ್ನೊಂದರಲ್ಲಿ ದೊಡ್ಡ ಮಗಳ ಜಡೆ. ಜಡೆ ಕೈಯಲ್ಲಿರುವಾಗ ತಾಯಂದಿರು ಇಂಥ ಘೋಷಣೆ ಮಾಡಬಾರದು. ಎದುರಾಳಿಗೆ ಓಡಿಹೋಗಲು ಆಗುವುದಿಲ್ಲ, ನಿಂತು ವಾದ ಮಾಡಿಯೇ ಬಿಡುತ್ತಾಳೆ.

ವಾದ ಅವಳ ಕಾದಂಬರಿಗಳದು. ಅವಳಿಗೆ ಹದಿಮೂರು. ಬೀದಿ ಕೊನೆಯ ಗ್ರಂಥಾಲಯದಿಂದ ‘ಹದಿಹರೆಯದವರಿಗೆ’ ಎಂಬ ಹಸಿರು ಚೀಟಿ ಅಂಟಿಸಿದ ಪುಸ್ತಕಗಳನ್ನು ತರುತ್ತಾಳೆ. ರಟ್ಟಿನ ಮೇಲೆ ಒಂದೋ ಬಾವಿ, ಒಂದೋ ಮುರಿದ ಕಿಟಕಿ, ಅದೂ ಇಲ್ಲದಿದ್ದರೆ ಬೆನ್ನು ತಿರುಗಿಸಿ ನಿಂತ ಹುಡುಗಿ. ಶನಿವಾರ ಅಲ್ಲಿ ಕಿರಿಯ ಓದುಗರ ಸಭೆ. ಇತ್ತೀಚೆಗೆ ಓದಿದ ಐದು ಕಾದಂಬರಿಗಳ ಬಗ್ಗೆ ಹತ್ತು ನಿಮಿಷ ಅಭಿಪ್ರಾಯ ಹೇಳಲು ಇವಳನ್ನು ಆರಿಸಿದ್ದರು. ಮೂರು ವಾರದಿಂದ ಮನೆಯಲ್ಲಿ ಅದೇ ಜಪ.

"ಇನ್ಮೇಲೆ ನೀನು ತರೋ ಪುಸ್ತಕ ಮೊದಲು ನಾನು ಓದ್ತೀನಿ. ಸರಿ ಅನಿಸಿದ್ರೆ ನಿನಗೆ, ಇಲ್ಲಾಂದ್ರೆ ವಾಪಸ್ಸು," ಎಂದೆ.

"ನೀನಾ? ಟೀವೀಲಿ ಬಾಗಿಲು ಕಿರ್ ಅಂದ್ರೆ ಸೌಂಡ್ ಕಮ್ಮಿ ಮಾಡೋಳು ನೀನು."

"ಅದು ಪುಟ್ಟಿ ಎದ್ದುಬಿಡ್ತಾಳೆ ಅಂತ."

"ಪುಟ್ಟಿ ಹುಟ್ಟೋಕೆ ಮುಂಚೆನೂ ಮಾಡ್ತಿದ್ದೆ."

ಪುಟ್ಟಿ ಎಂದರೆ ನನ್ನ ಎರಡನೆಯವಳು, ಒಂದೂವರೆ ವರ್ಷ. ಬೂಟಿನ ದಾರ ಕಟ್ಟುತ್ತಿದ್ದ ನಮ್ಮವರು ತಲೆ ಎತ್ತದೆಯೇ ನಕ್ಕರು. ಅವರ ಕೆಲಸ ಲಿಫ್ಟ್ ರಿಪೇರಿ. ಜಗತ್ತಿನ ಯಾವುದೇ ವಿಚಿತ್ರ ಸದ್ದಿಗೂ ಅವರ ಬಳಿ ಒಂದೇ ಮದ್ದು: ಎಣ್ಣೆ ಹಾಕು.

ಪಂದ್ಯ ಮಗಳೇ ಕಟ್ಟಿದಳು. ಐದನೇ ಪುಸ್ತಕ ಅವಳು ಓದಿ ಮುಗಿಸಿದ್ದಳು. ಶುಕ್ರವಾರದೊಳಗೆ ನಾನು ಅದನ್ನು ಹೆದರದೆ ಪೂರ್ತಿ ಓದಿದರೆ, ಅವಳು ಮುಂದೆ ಏನು ಓದಬೇಕು ಎನ್ನುವುದು ನನ್ನ ಇಷ್ಟ. ಹೆದರಿದರೆ ಅವಳ ಗ್ರಂಥಾಲಯದ ಕಾರ್ಡಿನ ತಂಟೆಗೆ ನಾನು ಈ ಜನ್ಮದಲ್ಲಿ ಹೋಗುವಂತಿಲ್ಲ.

"ನಾನು ಹೆದರಿದೆ ಅಂತ ನಿನಗೆ ಯಾರು ಹೇಳ್ತಾರೆ?"

"ಗೊತ್ತಾಗುತ್ತೆ ಬಿಡಮ್ಮ," ಎಂದು ಜಡೆ ಬಿಡಿಸಿಕೊಂಡು ಹೋದಳು.

ಮಂಗಳವಾರ ಮಧ್ಯಾಹ್ನ, ಪುಟ್ಟಿ ಮಲಗಿದ ಮೇಲೆ, ಪುಸ್ತಕ ತೆರೆದೆ. ತೆರೆದದ್ದು ಹಿಂದಿನಿಂದ. ಗ್ರಂಥಾಲಯದ ಪುಸ್ತಕಗಳ ಹಿಂದಿನ ರಟ್ಟಿನಲ್ಲಿ ಕಾರ್ಡಿಗೆಂದು ಒಂದು ಕಾಗದದ ಜೇಬು ಇರುತ್ತದಲ್ಲ, ಅದರಲ್ಲಿ ನಾಲ್ಕು ಮಡಚಿದ ಹಾಳೆಗಳಿದ್ದವು. ಸಭೆಯಲ್ಲಿ ಓದಲು ಅವಳು ಬರೆದಿಟ್ಟ ಅಭಿಪ್ರಾಯಗಳು. ಐದನೆಯದನ್ನು ಇನ್ನೂ ಬರೆದಿರಲಿಲ್ಲ.

‘ಒಂದು. ಈ ಹುಡುಗಿ ಹಾಳುಮನೆಗೆ ಒಬ್ಬಳೇ ಹೋಗುತ್ತಾಳೆ. ಯಾಕೆ ಎಂದು ಅವಳಿಗೆ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ. ಟಾರ್ಚು ಮಾತ್ರ ನೆನಪಿನಿಂದ ಮರೆತು ಹೋಗುತ್ತಾಳೆ. ಹತ್ತಕ್ಕೆ ನಾಲ್ಕು.’

‘ಎರಡು. ಇನ್ನೂರು ಪುಟ ಹೆದರಿಸಿ ಕೊನೆಗೆ ಎಲ್ಲ ಕನಸು ಎನ್ನುತ್ತಾರೆ. ಪುಸ್ತಕ ತಡವಾಗಿ ತಂದವರಿಗೆ ದಂಡ ಹಾಕುವ ಗ್ರಂಥಾಲಯ ಇಂಥವರಿಗೂ ಹಾಕಬೇಕು. ಹತ್ತಕ್ಕೆ ಎರಡು.’

‘ಮೂರು. ಇದರಲ್ಲಿ ದೆವ್ವವಿಲ್ಲ. ಒಬ್ಬಳ ಗೆಳತಿ ಕಾರಣ ಹೇಳದೆ ಮಾತು ಬಿಡುತ್ತಾಳೆ, ಅಷ್ಟೇ. ಇದನ್ನು ಓದುವಾಗ ಮಾತ್ರ ನಾನು ದೀಪ ಆರಿಸಲಿಲ್ಲ. ಹತ್ತಕ್ಕೆ ಒಂಬತ್ತು.’

ಮೂರನೆಯದನ್ನು ಎರಡು ಸಲ ಓದಿದೆ. ಆಮೇಲೆ ನನ್ನ ಡೈರಿ ತೆಗೆದು ನಾಲ್ಕನ್ನೂ ಅಕ್ಷರ ಬಿಡದೆ ನಕಲು ಮಾಡಿಕೊಂಡೆ. ಹೆತ್ತವಳ ಹೆಮ್ಮೆ, ಮತ್ತೇನಿಲ್ಲ. ಹಾಳೆಗಳನ್ನು ಜೇಬಿಗೇ ಸೇರಿಸಿ ಮೊದಲ ಪುಟಕ್ಕೆ ಬಂದೆ.

ಒಂದು ಮನೆ. ಅಲ್ಲಿ ಹಿಂದೆಂದೋ ತೀರಿಹೋದ ಒಂದು ಮಗು. ದೊಡ್ಡವರಿಗೆ ಕಾಣುವುದಿಲ್ಲ, ಚಿಕ್ಕಮಕ್ಕಳಿಗೆ ಕಾಣುತ್ತದೆ. ಅದು ಯಾರಿಗೂ ಏನೂ ಮಾಡುವುದಿಲ್ಲ. ಮನೆಯವರು ಬೇಡವೆಂದು ಎತ್ತಿಟ್ಟ ವಸ್ತುಗಳನ್ನು ಮಾತ್ರ ಸದ್ದಿಲ್ಲದೆ ತಂದು ಅವರ ದಿಂಬಿನ ಮೇಲೆ ಇಡುತ್ತದೆ.

ಇಷ್ಟೇ. ಇದಕ್ಕೆಲ್ಲ ಯಾರು ಹೆದರುತ್ತಾರೆ ಎಂದುಕೊಂಡು ಮೂವತ್ತೆಂಟನೇ ಪುಟ ಮಡಚಿ ತಲೆ ಎತ್ತಿದೆ. ಪುಟ್ಟಿ ಎದ್ದು ಕೂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ. ಬೀರುವಿನ ಪಕ್ಕದ ಖಾಲಿ ಜಾಗ ನೋಡಿ ನಗುತ್ತಿದ್ದಳು. ಆಮೇಲೆ ಕೈ ಎತ್ತಿ ಅಲ್ಲಿಗೆ ಟಾಟಾ ಮಾಡಿದಳು.

ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ನನ್ನ ಮೊಣಕೈವರೆಗಿನ ರೋಮಗಳು ಎದ್ದು ನಿಂತವು. ಆ ಪುಸ್ತಕ ಮಲಗುವ ಕೋಣೆಯಲ್ಲಿ ಬೇಡ ಎನಿಸಿತು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟು ಬಂದೆ. ಡೈರಿಯಲ್ಲಿ ‘ಕಣ್ಣಿಗೆ ಆಯಾಸ, ಓದು ನಾಳೆಗೆ’ ಎಂದು ಬರೆದು, ಅದನ್ನು ಹೊಡೆದುಹಾಕಿ, ‘ಹೆದರಿದೆ’ ಎಂದು ತಿದ್ದಿದೆ. ಡೈರಿಗೆ ಸುಳ್ಳು ಹೇಳುವ ಚಾಳಿ ನನಗಿಲ್ಲ.

ಒಗೆದ ಬಟ್ಟೆ ಹರವಿ ಬರುವಷ್ಟರಲ್ಲಿ ಪುಸ್ತಕ ನನ್ನ ದಿಂಬಿನ ಮೇಲಿತ್ತು. ರಟ್ಟಿನ ಮೇಲೆ ಬಿಳಿ ಹಿಟ್ಟಿನಲ್ಲಿ ಐದು ಪುಟ್ಟ ಬೆರಳ ಗುರುತು.

ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ. ಕೂತು ಓದುವವರಿಗೆ ಎಲ್ಲ ಬೇಗ ಗೊತ್ತಾಗುತ್ತದೆ. ನಾನು ಆ ಕೋಣೆಯಲ್ಲಿ ಒಬ್ಬಳೇ ನಿಂತಿದ್ದೆ.

ನಮ್ಮ ಮನೆಯ ಇನ್ನೊಂದು ಸಂಗತಿ ಹೇಳಬೇಕು. ನಾನು ಕಿಟಕಿ ಪರದೆ ಹೊಲಿದು ಕೊಡುವವಳು. ಹೊಲಿದು ಇಸ್ತ್ರಿ ಮಾಡಿದ ಪರದೆಗಳನ್ನು ಗಿರಾಕಿಗಳು ಬರುವ ತನಕ ನಡುಕೋಣೆಯಲ್ಲಿ ಒಂದು ಉದ್ದನೆಯ ಸರಳಿಗೆ ನೇತುಹಾಕಿರುತ್ತೇನೆ. ಹಿಂದೆ ಕಿಟಕಿಯೇ ಇಲ್ಲದ ಹನ್ನೊಂದು ಪರದೆಗಳು, ನೆಲದಿಂದ ಗೇಣುದ್ದ ಮೇಲೆ. ಏಳು ವರ್ಷದಿಂದ ಅವುಗಳ ನಡುವೆ ಓಡಾಡುತ್ತಿದ್ದೇನೆ. ಯಾರೋ ಅವುಗಳ ಹಿಂದೆ ನಿಲ್ಲಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಬುಧವಾರ ಎಪ್ಪತ್ತನೇ ಪುಟದಲ್ಲಿ ಹೊಳೆಯಿತು.

ತಲೆ ಎತ್ತಿ ನೋಡಿದರೆ ಕೊನೆಯ ಪರದೆಯ ಕೆಳಗೆ ಎರಡು ಪುಟ್ಟ ಬೂಟುಗಳು. ತುದಿ ನನ್ನ ಕಡೆಗೆ.

"ಪುಟ್ಟೀ," ಎಂದೆ. ಬೂಟು ಅಲ್ಲಾಡಲಿಲ್ಲ. ಹಿಂತಿರುಗಿ ನೋಡಿದೆ. ಪುಟ್ಟಿ ಮಂಚದ ಮೇಲೆ ಹೆಬ್ಬೆರಳು ಚೀಪುತ್ತ ಗಾಢ ನಿದ್ದೆಯಲ್ಲಿದ್ದಳು.

ಅವು ಪುಟ್ಟಿ ಬಿಟ್ಟುಹೋದ ಬೂಟುಗಳು, ಒಳಗೆ ಕಾಲುಗಳಿಲ್ಲ ಎಂದು ಖಚಿತ ಮಾಡಿಕೊಳ್ಳಲು ನನಗೆ ಇಪ್ಪತ್ತು ನಿಮಿಷ ಮತ್ತು ಒಂದು ಪೊರಕೆ ಬೇಕಾಯಿತು. ಪೊರಕೆಯ ತುದಿಯಿಂದ ಪರದೆ ಎತ್ತುವಾಗ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಪರದೆ ತೆಗೆದುಕೊಂಡು ಏನೂ ಕೇಳದೆ ಬೇಗ ಹೊರಟುಹೋದರು.

ಆ ದಿನ ಪುಸ್ತಕವನ್ನು ಸ್ಟೂಲ್ ಹತ್ತಿ ಬೀರುವಿನ ನೆತ್ತಿಯ ಮೇಲೆ ಇಟ್ಟೆ. ಗುರುವಾರ ಬೆಳಗ್ಗೆ ಸ್ನಾನ ಮಾಡಿ ಬಂದರೆ ಅದು ದಿಂಬಿನ ಮೇಲಿತ್ತು.

"ರೀ, ಬೀರು ಮೇಲಿಂದ ಪುಸ್ತಕ ತೆಗೆದ್ರಾ?"

"ಯಾವ ಪುಸ್ತಕ?"

"ಏನಿಲ್ಲ. ಮನೇಲಿ ಏನಾದ್ರೂ ಸದ್ದು ಕೇಳಿಸಿತಾ?"

"ಎಲ್ಲಿ ಕೇಳಿಸಿತು ಹೇಳು, ಎಣ್ಣೆ ಹಾಕ್ತೀನಿ."

ಮಗಳು ತಟ್ಟೆಯಿಂದ ಕಣ್ಣೆತ್ತಿ, "ಎಷ್ಟನೇ ಪುಟ ಅಮ್ಮ?" ಎಂದಳು.

"ನೂರ ಹನ್ನೆರಡು. ಸಪ್ಪೆ. ಆಕಳಿಕೆ ಬರುತ್ತೆ," ಎಂದೆ. ಕೈಯಲ್ಲಿದ್ದ ಲೋಟದಲ್ಲಿ ಮಾತ್ರ ಚಹಾ ಅಲೆ ಎಬ್ಬಿಸುತ್ತಿತ್ತು. ಅವಳು ಅಲೆಯನ್ನೇ ನೋಡಿದಳು.

ಶುಕ್ರವಾರ ಮಧ್ಯಾಹ್ನ ನನಗೆ ಒಂದು ಮಹೋಪಾಯ ಹೊಳೆಯಿತು. ಮುಚ್ಚಳ ಮೇಲಿರಬೇಕು, ಭಾರ ಇರಬೇಕು, ಸುತ್ತಲೂ ಕಬ್ಬಿಣ ಇರಬೇಕು. ಅಂಥ ಕೋಟೆ ನಮ್ಮ ಮನೆಯಲ್ಲಿ ಒಂದೇ: ವಾಷಿಂಗ್ ಮೆಶಿನ್. ಪುಸ್ತಕವನ್ನು ಅದರ ತಳಕ್ಕೆ ಇಳಿಸಿ, ಮುಚ್ಚಳ ಹಾಕಿ, ಮೇಲೆ ಸೋಪಿನ ಪುಡಿಯ ಡಬ್ಬ ಹೇರಿದೆ. ಸಂಜೆ ಎಲ್ಲರೂ ಮನೆಯಲ್ಲಿರುವಾಗ, ನಾಲ್ಕು ಜನರ ಗದ್ದಲದಲ್ಲಿ ಕೂತು ಉಳಿದ ಪುಟ ಮುಗಿಸಿದರಾಯಿತು ಎಂದು ಲೆಕ್ಕ. ಹೊಲಿಗೆಯಲ್ಲಿ ಮುಳುಗಿದೆ.

ಹದಿನಾಲ್ಕು ವರ್ಷದ ಸಂಸಾರದಲ್ಲಿ ನಮ್ಮವರು ನಾನು ಹೇಳದೆ ಬಟ್ಟೆ ಒಗೆಯಲು ಹಾಕಿದ್ದು ಒಂದೇ ಒಂದು ದಿನ. ಅದು ಆ ಶುಕ್ರವಾರ. ಬೇಗ ಮನೆಗೆ ಬಂದಿದ್ದರು, ನನ್ನ ಮುಖ ವಾರದಿಂದ ಬಾಡಿದ್ದು ಕಂಡಿತ್ತಂತೆ. ಡಬ್ಬ ಇಳಿಸಿ, ಒಳಗೆ ಇಣುಕಿಯೂ ನೋಡದೆ, ಎರಡು ದಿನದ ಬಟ್ಟೆ ಸುರಿದು ಗುಂಡಿ ಒತ್ತಿದ್ದರು.

ನಾನು ಹೊಲಿಗೆ ನಿಲ್ಲಿಸಿದಾಗ ಮೆಶಿನ್ನಿನಿಂದ ದಬ್, ದಬ್ ಎಂಬ ಸದ್ದು ಬರುತ್ತಿತ್ತು. ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ.

"ಇವಳೇ, ನಿನ್ನ ಮೆಶಿನ್ನಿಗೆ ಎಣ್ಣೆ ಬೇಕು," ಎಂದು ಹೆಮ್ಮೆಯಿಂದ ಕೂಗಿದರು.

ಮುಚ್ಚಳ ತೆಗೆದಾಗ ಕಾದಂಬರಿ ಇರಲಿಲ್ಲ. ಎಲ್ಲೆಡೆ ಇತ್ತು. ಅಂಗಿಯ ಕಾಲರಿನಲ್ಲಿ, ಪುಟ್ಟಿಯ ಕಾಲುಚೀಲದಲ್ಲಿ, ಸಮವಸ್ತ್ರದ ಮಡಿಕೆಯಲ್ಲಿ, ಬೂದಿಬಣ್ಣದ ಹಿಟ್ಟಾಗಿ ಅಂಟಿಕೊಂಡಿತ್ತು. ನಮ್ಮವರ ಬನಿಯನ್ನಿನ ಎದೆಯ ಮೇಲೆ ಒಂದು ಸಾಲು ಮಾತ್ರ ಸ್ಪಷ್ಟವಾಗಿ ಉಳಿದಿತ್ತು: ‘ಅವಳು ಇನ್ನೂ ಇಲ್ಲೇ ಇದ್ದಾಳೆ.’

ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳು ನನ್ನ ಹಿಂದೆ ನಿಂತಿದ್ದಳು. ಅವಳು ಅಳಲಿಲ್ಲ. ಮೆಶಿನ್ನಿನೊಳಗೆ ಕೈ ಹಾಕಿ ರಟ್ಟಿನ ತುಂಡು ಎತ್ತಿದಳು. ಹಿಂದಿನ ಜೇಬು ಅದರಲ್ಲೇ ಇತ್ತು. ಒಳಗಿದ್ದ ನಾಲ್ಕು ಹಾಳೆಗಳು ನೀಲಿ ಉಂಡೆಯಾಗಿದ್ದವು.

"ಮೂರು ವಾರ ಅಮ್ಮ," ಎಂದಳು. ಅಷ್ಟೇ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ವಾರ ಕೇಳಿದ ಸದ್ದುಗಳಲ್ಲೆಲ್ಲ ಆ ಬಾಗಿಲಿನ ಚಿಲಕದ ಸದ್ದಿಗೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಲಿಲ್ಲ.

ಹೊರಗೆ ನಿಂತು ಹೇಳಿದೆ, "ನಾಲ್ಕೂ ಇವೆ ಕಣೇ."

"ಎಲ್ಲಿ?"

"ನನ್ನ ಡೈರೀಲಿ. ಮಂಗಳವಾರ ನಕಲು ಮಾಡಿಟ್ಟುಕೊಂಡಿದ್ದೆ."

"ಯಾಕೆ?"

"ಚೆನ್ನಾಗಿತ್ತು ಅಂತ."

ಚಿಲಕ ತೆಗೆದಳು. ಕೊಡುವ ಮೊದಲು ಒಂದು ಗಳಿಗೆ ಡೈರಿಯನ್ನು ಎದೆಗೆ ಒತ್ತಿ ಹಿಡಿದೆ. ಅವಳ ಅಭಿಪ್ರಾಯಗಳ ಕೆಳಗೇ ನನ್ನವೂ ಇದ್ದವಲ್ಲ: ‘ಎರಡು ಗಂಟೆ. ಹೆದರಿದೆ.’ ‘ಬೂಟಿಗೆ ಹೆದರಿ ಪೊರಕೆ ಹಿಡಿದೆ.’ ‘ಬಚ್ಚಲಿಗೆ ಹೋಗುವಾಗ ಪುಟ್ಟಿಯನ್ನು ಜೊತೆಗೆ ಎತ್ತಿಕೊಂಡು ಹೋದೆ.’ ಓದಿ ಹೇಳುತ್ತೇನೆ, ನೀನು ಬರೆದುಕೋ ಎನ್ನಬಹುದಿತ್ತು. ಪಂದ್ಯ ಉಳಿಯುತ್ತಿತ್ತು. ಆದರೆ ಅವಳು ಕೈ ಚಾಚಿದ್ದಳು. ಕೊಟ್ಟೆ. ಕೆಟ್ಟ ಸಾಲುಗಳ ಮೇಲೆ ಹೆಬ್ಬೆರಳು ಅಡ್ಡ ಇಟ್ಟು ನೋಡಿದೆ. ಹೆಬ್ಬೆರಳು ಚಿಕ್ಕದಾಯಿತು, ಭಯ ಪುಟದ ತುಂಬ ಇತ್ತು.

ಅವಳು ನಿಧಾನವಾಗಿ ಎಲ್ಲ ಓದಿದಳು. ಕೊನೆಗೆ ಕೇಳಿದಳು, "ಪುಟ್ಟಿ ಸಿಕ್ಕಿದ್ದನ್ನೆಲ್ಲ ನಿನ್ನ ದಿಂಬಿನ ಮೇಲೆ ತಂದಿಡ್ತಾಳೆ. ಚಮಚ, ರಿಮೋಟು, ನನ್ನ ಚಪ್ಪಲಿ. ನೀನು ನೋಡೇ ಇಲ್ವಾ?"

ನೋಡಿದ್ದೆ. ತಿಂಗಳಿಂದ ನೋಡುತ್ತಲೇ ಇದ್ದೆ. ಮೂವತ್ತೆಂಟು ಪುಟ ಓದಿದ ಮೇಲೆ ಕಣ್ಣಿದ್ದೂ ಕಾಣಲಿಲ್ಲ.

"ಆದ್ರೆ ಬೀರು ಮೇಲಿಂದ?" ಎಂದೆ.

ಮಗಳು ನಮ್ಮವರ ಮುಖ ನೋಡಿದಳು. ನಮ್ಮವರು ಮಗಳ ಮುಖ ನೋಡಿದರು. ಇಬ್ಬರೂ ತಾವಲ್ಲ ಎಂದರು. ನಮ್ಮವರು ಸ್ಟೂಲ್ ಹತ್ತಿ ಬೀರುವಿನ ನೆತ್ತಿ ನೋಡಿದರು.

"ಧೂಳಿನಲ್ಲಿ ಪುಸ್ತಕದ ಗುರುತಿದೆ. ಪಕ್ಕದಲ್ಲಿ ಬೆರಳ ಗುರುತಿದೆ. ನಿಂದಾ?"

"ಎಷ್ಟು ದೊಡ್ಡದು?"

ಅವರು ಪುಟ್ಟಿಯ ಕೈಯನ್ನೊಮ್ಮೆ ನೋಡಿ ಇಳಿದರು. ಪುಟ್ಟಿ ನೆಲದ ಮೇಲೆ ಕೂತು ಪರದೆಗಳ ಕಡೆಗೆ ಟಾಟಾ ಮಾಡುತ್ತಿದ್ದಳು. ಆ ಸಂಜೆ ಎಣ್ಣೆಯ ಮಾತನ್ನು ನಮ್ಮವರು ಎತ್ತಲಿಲ್ಲ.

ಶನಿವಾರ ಗ್ರಂಥಾಲಯದಲ್ಲಿ ಮೂವತ್ತು ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮಂದಿರು. ಮಗಳು ನಾಲ್ಕು ಅಭಿಪ್ರಾಯ ಓದಿದಳು. ಮೂರನೆಯದಕ್ಕೆ ಮುಂದಿನ ಸಾಲಿನ ಒಬ್ಬ ಹುಡುಗಿ ಪಕ್ಕದವಳ ಕೈ ಹಿಡಿದುಕೊಂಡಳು. ಆಮೇಲೆ ಇವಳು ಹಾಳೆ ಮಡಚಿಟ್ಟಳು.

"ಐದನೇ ಕಾದಂಬರಿ ಬಗ್ಗೆ ನನ್ನ ಅಭಿಪ್ರಾಯ ಹೇಳಲ್ಲ. ನನಗಿಂತ ಅನುಭವ ಇರುವ ಓದುಗರೊಬ್ಬರು ನಮ್ಮನೇಲಿ ಓದಿದರು. ವಯಸ್ಸು ಮೂವತ್ತನಾಲ್ಕು. ಮೊದಲ ದಿನ ಅದನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟರು, ಎರಡನೇ ದಿನ ಬೀರುವಿನ ಮೇಲೆ. ಕೊನೆಗೆ ವಾಷಿಂಗ್ ಮೆಶಿನ್ನಿನೊಳಗೆ ಇಟ್ಟು ಮೇಲೆ ಭಾರ ಹೇರಿದರು. ಪುಟ ನೂರ ಹನ್ನೆರಡನ್ನು ದಾಟಲಿಲ್ಲ. ಭಯದ ಕಾದಂಬರಿಗೆ ಇದಕ್ಕಿಂತ ಒಳ್ಳೆ ವಿಮರ್ಶೆ ಯಾರೂ ಬರೆಯಲಾರರು. ಹತ್ತಕ್ಕೆ ಹತ್ತು."

ನಗು ನಿಂತ ಮೇಲೆ ಗ್ರಂಥಪಾಲಕಿ ಕನ್ನಡಕ ಒರೆಸಿಕೊಳ್ಳುತ್ತ, "ಯಾರಮ್ಮ ಆ ಓದುಗರು?" ಎಂದರು.

"ಹೇಳಿದ್ರೆ ಬೇಜಾರು ಮಾಡ್ಕೋತಾರೆ," ಎಂದು ನೇರ ನನ್ನನ್ನೇ ನೋಡಿದಳು. ಮೂವತ್ತು ತಲೆಗಳು ಹಿಂದಕ್ಕೆ ತಿರುಗಿದವು.

ಸಭೆ ಮುಗಿದ ಮೇಲೆ ಆ ಪುಸ್ತಕಕ್ಕೆ ಹನ್ನೊಂದು ಮಕ್ಕಳು ಹೆಸರು ಬರೆಸಿದರು. ಗ್ರಂಥಾಲಯದಲ್ಲಿದ್ದದ್ದು ಒಂದೇ ಪ್ರತಿ, ಅದು ನಮ್ಮ ಬನಿಯನ್ನುಗಳಲ್ಲಿತ್ತು. ಅಲ್ಲಿಂದ ನೇರ ಪುಸ್ತಕದಂಗಡಿಗೆ ಹೋಗಿ ಹೊಸದು ಕೊಂಡೆವು. ಅಂಗಡಿಯವನು ಕಟ್ಟುವಷ್ಟರಲ್ಲಿ, ಸುತ್ತ ಜನ ಇದ್ದಾರೆ, ಬಿಸಿಲಿದೆ ಎಂಬ ಧೈರ್ಯದಲ್ಲಿ, ನೂರ ಹದಿಮೂರನೇ ಪುಟ ತೆರೆದೆ.

ಮಗಳು ನನ್ನ ಕೈಯಿಂದ ಪುಸ್ತಕವನ್ನು ಮೆಲ್ಲಗೆ ತೆಗೆದುಕೊಂಡು ಮುಚ್ಚಿದಳು.

"ಬೇಡಮ್ಮ. ನಾನು ಓದಿದ್ದೀನಿ, ನನಗೆ ಗೊತ್ತು. ಇನ್ನೊಂದು ಸ್ವಲ್ಪ ದೊಡ್ಡವಳಾದ ಮೇಲೆ ಓದುವೆಯಂತೆ."