ವಾಷಿಂಗ್ ಮೆಷಿನ್ನಿನ ನಾಲ್ಕನೆಯ ನಿಂಬೆಹಣ್ಣು

ಮನೆಗೆ ಹೊಸ ಯಂತ್ರ ಬಂದರೆ ಅದರ ಜೊತೆಗಿರುವ ಕೈಪಿಡಿಯನ್ನು ನಾನು ಕೊನೆಯ ಅಕ್ಷರದವರೆಗೂ ಓದುತ್ತೇನೆ, ಅದರಲ್ಲೂ ಎಚ್ಚರಿಕೆಗಳನ್ನು. ‘ಮೈಮೇಲಿರುವ ಬಟ್ಟೆಗೆ ಇಸ್ತ್ರಿ ಮಾಡಬೇಡಿ’ ಎಂದು ಬರೆದಿದ್ದರೆ, ಎಲ್ಲೋ ಒಬ್ಬ ಪುಣ್ಯಾತ್ಮ ಮದುವೆಗೆ ಹೊರಡುವ ಅವಸರದಲ್ಲಿ ಹೊಟ್ಟೆ ಸುಟ್ಟುಕೊಂಡು, ಕಂಪನಿಯ ಮೇಲೆ ಕೇಸು ಹಾಕಿದ್ದಾನೆ ಎಂದೇ ನನ್ನ ನಂಬಿಕೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಪೆದ್ದುತನ ಮಾತ್ರ ಹತ್ತಾರು ಭಾಷೆಗಳಲ್ಲಿ ಅಚ್ಚಾಗಿದೆ. ಒಂದೇ ಭಾಷೆಯಲ್ಲಿ ಅಚ್ಚಾಗಿ ಅಲ್ಲೇ ಉಳಿದ ಪುಸ್ತಕಗಳ ಲೇಖಕನಾದ ನನಗೆ ಇಂಥವರನ್ನು ಕಂಡರೆ ಹೊಟ್ಟೆಕಿಚ್ಚು.

ಆ ಸಾಲಿಗೆ ಸೇರುವ ಅವಕಾಶ ಕಳೆದ ಆಯುಧಪೂಜೆಯಲ್ಲಿ ಒದಗಿತು. ಅವತ್ತು ಹಲಸೂರಿನ ನಮ್ಮ ಬೀದಿಯಲ್ಲಿ ಆಟೋದಿಂದ ನೀರಿನ ಟ್ಯಾಂಕರಿನವರೆಗೆ ಎಲ್ಲದರ ಚಕ್ರದಡಿಯೂ ನಿಂಬೆಹಣ್ಣು. ನಮಗೆ ಕಾರಿಲ್ಲ. ಹೊಸ ವಾಷಿಂಗ್ ಮೆಷಿನ್ ಇತ್ತು, ಅದಕ್ಕೂ ನಾಲ್ಕು ಕಾಲಿದ್ದವು. ರಸೆಲ್ ಮಾರುಕಟ್ಟೆಯಿಂದ ಹಣ್ಣು ತಂದು, ಹೆಂಡತಿ ವಿಮಲಾ ಮೆಷಿನ್ನನ್ನು ಓರೆ ಹಿಡಿದಿದ್ದಾಗ ಕಾಲುಗಳಡಿ ತುರುಕಿದೆ. ಕಾರು ಮುಂದೆ ಹೋಗಿ ಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ, ವಾಷಿಂಗ್ ಮೆಷಿನ್ ಎಲ್ಲಿಗೂ ಹೋಗುವ ವಸ್ತುವಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಹಣ್ಣಿನ ವಿಷಯ ಮರೆತು, ಬೆಡ್‌ಶೀಟ್ ಹಾಕಿ ಗುಂಡಿ ಒತ್ತಿದೆವು. ಬಟ್ಟೆ ಹಿಂಡುವ ಹೊತ್ತಿಗೆ ಅದು ಹೊರಟೇಬಿಟ್ಟಿತು. ಪೈಪು ಕಿತ್ತುಕೊಂಡು ಅಡುಗೆಮನೆಯ ಬಾಗಿಲವರೆಗೂ ಬಂದು, ಗೋಡೆಗೆ ಗುದ್ದಿ ನಿಂತಿತು. ನಿಲ್ಲುವ ಮುಂಚೆ ನನ್ನ ಕಡೆ ತಿರುಗಿ ನೋಡಿತು ಎಂದೂ ನೆನಪು, ಆದರೆ ನನ್ನ ನೆನಪು ಇಂಥ ಕೈಚಳಕ ಮಾಡುತ್ತಿರುತ್ತದೆ.

ರಿಪೇರಿಗೆ ಬಂದವನು ಬಗ್ಗಿ ಮೂಸಿ ನೋಡಿ, ಉಪ್ಪಿನಕಾಯಿ ಹಾಕಿದ್ದಕ್ಕೆಲ್ಲ ವಾರಂಟಿ ಬರುವುದಿಲ್ಲ ಎಂದು ಹೋದ. ಮೆಷಿನ್ ಸರಿಯಾಗುವವರೆಗೆ ಬಟ್ಟೆಯೆಲ್ಲ ನಾನೇ ಒಗೆಯಬೇಕೆಂದು ವಿಮಲಾ ತೀರ್ಪು ಕೊಟ್ಟಳು. ಎರಡು ಬೆಡ್‌ಶೀಟ್ ಹಿಂಡುವಷ್ಟರಲ್ಲಿ ನನಗೆ ಗ್ರಾಹಕರ ಹಕ್ಕುಗಳಲ್ಲಿ ಅಪಾರ ಶ್ರದ್ಧೆ ಹುಟ್ಟಿತು. ಮಹಡಿಯ ಮೇಲಿನ ವಕೀಲ ಸೆಲ್ವರಾಜ್ ಅವರನ್ನು ಕರೆತಂದೆ.

ಅವರು ಕೈಪಿಡಿ ತಿರುವಿದಂತೆ ಅರಳಿದರು. “ಬೆಕ್ಕು ಹಾಕ್ಬೇಡಿ ಅಂತಿದೆ, ಮಕ್ಳು ಹತ್ಬಾರ್ದು ಅಂತಿದೆ. ನಿಂಬೆಹಣ್ಣು ಎಲ್ಲಿದೆ ಸಾರ್? ಈ ಊರಲ್ಲಿ ಮಾರೋರಿಗೆ ಆಯುಧಪೂಜೆ ಗೊತ್ತಿರ್ಬೇಕಲ್ವಾ?” ಕೈಪಿಡಿಯ ಮುಂದಿನ ಮುದ್ರಣದಲ್ಲಿ ನನ್ನ ಸಾಲು ಆಗಲೇ ನನ್ನ ಕಣ್ಣಿಗೆ ಬಿತ್ತು. ಮೆಷಿನ್ ಸಮತಟ್ಟಾಗಿರಬೇಕು ಎಂದೊಂದು ಷರತ್ತಿದೆ, ಆದರೆ ನಾಲ್ಕು ಕಾಲಿಗೆ ನಾಲ್ಕು ಹಣ್ಣಿದ್ದರೆ ವಾದಿಸಬಹುದು ಎಂದರು ವಕೀಲರು.

“ಮೂರೇ ಇದ್ದಿದ್ದು,” ಅಂದಳು ವಿಮಲಾ. “ನಾಲ್ಕನೇದು ಇವ್ರ ಪಾನಕಕ್ಕೆ ಹೋಯ್ತು. ‘ಒಂದು ಕಾಲಿಗೆ ಬರೀ ಭಕ್ತಿ ಸಾಕು ಬಿಡು’ ಅಂದಿದ್ದು ನೀವೇ ಅಲ್ವೇನ್ರೀ?”

ನನಗೆ ನಾಲ್ಕನೆಯ ಹಣ್ಣು, ಅದರ ತೊಟ್ಟು, ತೊಟ್ಟಿನ ಪಕ್ಕದ ಕಂದು ಚುಕ್ಕೆ ಎಲ್ಲ ಸ್ಪಷ್ಟವಾಗಿ ನೆನಪಿತ್ತು. ಅಷ್ಟು ಸ್ಪಷ್ಟವಾಗಿದ್ದುದರಿಂದಲೇ ಅನುಮಾನ ಬಂತು. ಸೆಲ್ವರಾಜ್ ಕೈಪಿಡಿ ಮುಚ್ಚಿದರು. “ಸಾಕ್ಷಿನ ಕುಡ್ದುಬಿಟ್ಟಿದೀರಲ್ಲ ಸಾರ್.”

ಶಿವಾಜಿನಗರದಿಂದ ಪೈಪು ತಂದು ಹಾಕಿಸಿದ ಮೇಲೆ ಮೆಷಿನ್ ಈಗ ತಾನಿದ್ದಲ್ಲೇ ತಿರುಗುತ್ತಿದೆ. ನಾನೂ ಸುಖವಾಗಿದ್ದೇನೆ. ‘ಮಕ್ಕಳಿಂದ ದೂರವಿಡಿ’ ಎಂದು ಅದರ ಮೇಲೆ ಅಂಟಿಸಿರುವ ಚೀಟಿಯ ಕೆಳಗೆ ವಿಮಲಾ ದಪ್ಪ ಅಕ್ಷರದಲ್ಲಿ ‘ಹಬ್ಬದ ದಿನ ಯಜಮಾನರಿಂದಲೂ’ ಎಂದು ಸೇರಿಸಿದ್ದಾಳೆ. ಇರುವುದು ಒಂದೇ ಪ್ರತಿ. ಆದರೂ ಮನೆಗೆ ಬಂದವರೆಲ್ಲ ಅದನ್ನು ಕೊನೆಯ ಅಕ್ಷರದವರೆಗೂ ಓದುತ್ತಾರೆ.